ನನ್ನ ಲಾರಿಯ ಕಿಡಿ ಕದ್ದವರು ಯಾರು?

ಕಿಡಿ ಬರುತ್ತಿದೆಯೋ ಇಲ್ಲವೋ ನೋಡದೆ ನನ್ನ ಲಾರಿಯಲ್ಲಿ ಅದಕ್ಕೆ ಕರೆಂಟು ಕೊಡುವ ಕಾಯಿಲನ್ನೇ ಬದಲಿಸಿದರು. ಇದು ತಪ್ಪು. ಹಳೇ ಪೆಟ್ರೋಲ್ ಲಾರಿ ಇಟ್ಟುಕೊಂಡವನಿಗೆ ಇಂಥ ಅನ್ಯಾಯ ತಪ್ಪಿದ್ದಲ್ಲ. ಈ ಸಲ ಮಾತ್ರ ಬಿಡಬಾರದೆಂದು ಹಟ ಹಿಡಿದಿದ್ದೆ. ವರ್ಷದಿಂದ ನಿಂತೇ ಇರುವ ಲಾರಿ ಈ ಆಯುಧಪೂಜೆಯೊಳಗೆ ಸ್ಟಾರ್ಟ್ ಆಗದಿದ್ದರೆ ಗುಜರಿಗೆ ಎಂದು ಮನೆಯವಳು ತೀರ್ಪು ಕೊಟ್ಟಾಗಿತ್ತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಅವಳ ತಮ್ಮ ಗುಜರಿಯವನನ್ನೂ ಗೊತ್ತುಮಾಡಿದ್ದ.

ಅನುಭವಸ್ಥ

ನಮ್ಮ ಮನೆ ವಡೋದರಾದ ಗೋರ್ವಾದಲ್ಲಿ. ಅಲ್ಲಿಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ, "ಕಾಯಿಲ್ ಹೋಗಿದೆ, ಕಾಕಾ" ಎಂದ.

"ಕಿಡಿ ನೋಡಿದೆಯಾ?"

"ನೋಡೋದೇನು? ಅನುಭವ!"

ಹೊಸ ಕಾಯಿಲ್ ಹಾಕಿದ. ಲಾರಿ ಕೆಮ್ಮಲೂ ಇಲ್ಲ.

"ಗಾಡಿಗೆ ವಯಸ್ಸೆಷ್ಟು?"

"ನನಗಿಂತ ಎರಡು ವರ್ಷ ದೊಡ್ಡದು."

ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ಬೆಳಿಗ್ಗೆ ನಿಮ್ಮನ್ನೂ ಇಬ್ಬರು ನೂಕಬೇಕೇನೋ" ಎಂದ.

ಖಾಲಿ ಬೆಂಚು

ಸೂರತ್‌ನ ಉಧ್ನಾದಲ್ಲಿ ಮಗ್ಗದ ಮೋಟಾರು ರಿಪೇರಿ ಮಾಡುವ ಮುದುಕನೊಬ್ಬ ಹಳೇ ಎಂಜಿನ್ ಕೆಲಸವನ್ನೂ ಬಲ್ಲ ಎಂದು ಗೊತ್ತಾಯಿತು. ಲಾರಿಯಂತೂ ಬರದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೇ ಬಿಚ್ಚಿ, ಟವೆಲಿನಲ್ಲಿ ಸುತ್ತಿ ರೈಲು ಹತ್ತಿದೆ. ವೈರುಗಳು ಏಡಿಯ ಕಾಲಿನ ಹಾಗೆ ಹೊರಗೆ ಚಾಚಿದ್ದವು.

"ಏನದು, ಭಾಯ್?" ಎಂದರು ಪಕ್ಕದವರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು. "ಸರಿಯಾದ ಹೊತ್ತಿಗೆ ಕಿಡಿ ಹೊತ್ತಿಸೋ ಯಂತ್ರ. ಈಗ ಕೆಟ್ಟಿದೆ, ಸರಿಮಾಡಿಸೋಕೆ ಒಯ್ತಿದ್ದೀನಿ."

ಮುಂದಿನ ಸ್ಟೇಷನ್‌ವರೆಗೆ ಇಡೀ ಬೆಂಚಿನಲ್ಲಿ ಕಾಲು ಚಾಚಿ ಮಲಗಿದೆ. ಅಲ್ಲಿ ಪೊಲೀಸರು ಎಬ್ಬಿಸಿದರು.

ಹಳದಿ ಚೂರು

ಪೊಲೀಸರಿಗೆ ತಿಳಿಹೇಳಿ ಉಧ್ನಾ ಮುಟ್ಟಿದೆ. ಮುದುಕ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಕಿಡಿ ಬರಲು ಒಂದಕ್ಕೊಂದು ತಾಗುತ್ತ ಬಿಡುತ್ತ ಇರಬೇಕಾದ ಎರಡು ಪಾಯಿಂಟುಗಳು ತಾಗುತ್ತಲೇ ಇರಲಿಲ್ಲ. ನಡುವೆ ಏನೋ ಹಳದಿ ಚೂರು.

"ಇದು ಆ ಗೋರ್ವಾದವನ ಕೆಲಸ! ಅವನನ್ನ ಬಿಡಲ್ಲ!" ಎಂದು ಕೂಗಿದೆ.

ಮುದುಕ ಚೂರನ್ನು ಚಿಮಟದಲ್ಲಿ ಎತ್ತಿ ಹಿಡಿದ. "ಅರಿಶಿನ ಹಚ್ಚಿದ ಅಕ್ಕಿಕಾಳು. ಪಕ್ಕದಲ್ಲಿ ಗಂಧವೂ ಒಣಗಿದೆ. ನಿಮ್ಮ ಮೆಕ್ಯಾನಿಕ್ ಅಷ್ಟು ಭಕ್ತನೇ?"

ನನಗೆ ಹೋದ ವರ್ಷದ ಆಯುಧಪೂಜೆ ನೆನಪಾಯಿತು. "ಬಾನೆಟ್ಟಿಗೆ ಯಾಕೆ ಪೂಜೆ? ಅದು ಬರೀ ಮೆರೆಯುತ್ತೆ. ಒಳಗೆ ದುಡಿಯುವವನಿಗೆ ಆಗಲಿ ಪೂಜೆ!" ಎಂದು ಭಾಷಣ ಮಾಡಿ, ಇದೇ ಮುಚ್ಚಳ ಬಿಚ್ಚಿ ಗಂಧ ಹಚ್ಚಿ ಅಕ್ಷತೆ ಎರಚಿದವನು ನಾನೇ. ಅವತ್ತು ಸ್ಟಾರ್ಟ್ ಆಗದ ಲಾರಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಆರು ಜನ ನೂಕಿದ್ದರು. ಆಗ ನಾನು ಬೈದದ್ದು ಪೆಟ್ರೋಲ್ ಬಂಕಿನವನನ್ನು.

ಸಾಷ್ಟಾಂಗ

ಹಬ್ಬದ ದಿನ ಬಾಮೈದ ಗುಜರಿಯವನನ್ನು ಕರೆದುಕೊಂಡೇ ಬಂದ. ಲಾರಿ ಒಂದೇ ಸಲಕ್ಕೆ ಗುಡುಗಿತು.

"ಏನಾಗಿತ್ತು, ಭಾವ?"

"ಒಳಗಿನವರ ಕೈವಾಡ," ಎಂದೆ.

ಅಷ್ಟರಲ್ಲಿ ಮನೆಯವಳು ತಟ್ಟೆ ತುಂಬ ಅಕ್ಷತೆ ಹಿಡಿದು ಬಂದಳು. "ಆ ದುಡಿಯೋನ ಮುಚ್ಚಳ ತೆಗೀರಿ, ಹೋದ ವರ್ಷದ ಹಾಗೇ."

"ಬೇಡ!" ಎಂದು ಕಿರುಚಿ ಬಾನೆಟ್ ಮೇಲೆ ಬೋರಲು ಬಿದ್ದೆ. ಗಾಡಿಗೆ ಇಷ್ಟು ಭಕ್ತಿಯ ಸಾಷ್ಟಾಂಗ ಹಾಕಿದವರನ್ನು ಎಲ್ಲೂ ಕಂಡಿಲ್ಲ ಎಂದು ಗುಜರಿಯವನು ಲಾರಿಗೆ ಕೈಮುಗಿದು, ಬರಿಗೈಯಲ್ಲಿ ಹೋದ.

ಗೋರ್ವಾದವನ ತಪ್ಪು ತಪ್ಪೇ. ಅವನು ಬಿಚ್ಚಿ ನೋಡಲಿಲ್ಲ. ನಾನೂ ನೋಡಲಿಲ್ಲ. ಹೋದ ಹಬ್ಬದಿಂದ ನಿಮ್ಮ ಗಾಡಿಯೂ ಮುನಿಸಿಕೊಂಡಿದ್ದರೆ ಯಾರನ್ನೂ ಬೈಯಬೇಡಿ. ಎದ್ದು ಹೋಗಿ, ಈಗಲೇ ಮುಚ್ಚಳ ಬಿಚ್ಚಿ ನೋಡಿ.