ಬೆನ್ನಿನ ನೀರು, ಬಲಗಾಲಿನ ಸಾಕ್ಷಿ

ಅಕ್ಕನ ಎಡಗಾಲಿನ ಚಪ್ಪಲಿ ನಡುದಾರಿಯಲ್ಲಿ ಕಳಚಿ ಬೀಳತೊಡಗಿದಾಗ, ಚಪ್ಪಲಿ ಅಂಗಡಿಯಲ್ಲಿ ದುಡಿಯುವ ತಮ್ಮ ರೋಗ ಕಂಡುಹಿಡಿದೇಬಿಟ್ಟಿದ್ದ: ಅಳತೆ ದೊಡ್ಡದು! ಒಂದು ಸೈಜ್ ಚಿಕ್ಕ ಜೋಡಿ ತಂದುಕೊಟ್ಟ. ಅದೂ ಬಿತ್ತು; ಬಿದ್ದದ್ದು ಅಕ್ಕನಿಗೆ ಗೊತ್ತೂ ಆಗಲಿಲ್ಲ. ಇಂಥ ಪಂಡಿತ ಈಗ ಆಸ್ಪತ್ರೆಯ ಮಂಚದ ಪಕ್ಕ ನಿಂತು, ತಲೆ ನರೆತ ನರ್ಸಿಗೇ ಪಾಠ ಹೇಳುತ್ತಿದ್ದ. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ ಅಕ್ಕ ಅಂಗಾತ ಮಲಗಿದ್ದಳು.

ತಮ್ಮ: ಬೆನ್ನುಹುರಿಯ ನೀರು ತೆಗೆದಾಯ್ತಲ್ಲ ಸಿಸ್ಟರ್! ಮತ್ತೆ ರಕ್ತ ಬೇರೆ ಯಾಕೆ? ಅವಳೇನು ನಲ್ಲಿನಾ, ತಿರುಗಿಸಿದಾಗೆಲ್ಲ ಹಿಡ್ಕೊಳ್ಳೋಕೆ?

ನರ್ಸ್: ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ಬೇಕಪ್ಪ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಮೈಯ ಕಾವಲು ಪಡೆಯೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ಬೀಳೋ ಕಾಯಿಲೆ, ಇರಬಹುದು ಅಂತ ಡಾಕ್ಟರಿಗೆ ಅನುಮಾನ. ಆ ನೀರನ್ನ ಲ್ಯಾಬಿನ ಪಟ್ಟಿ ಮೇಲೆ ಹರಿಸಿದ್ರೆ ಪ್ರೋಟೀನಿನ ಗೆರೆಗಳು ಕಾಣ್ತವಾ ಅಂತ ಪರೀಕ್ಷೆ.

ತಮ್ಮ: ಕಂಡ್ರೆ ಕಂಡ್ವು, ಇಲ್ದಿದ್ರೆ ಇಲ್ಲ. ರಕ್ತಕ್ಕೇನು ಸಂಬಂಧ?

ನರ್ಸ್: ಮನೇಲಿ ಗಲಾಟೆ ಕೇಳಿಸ್ತು ಅಂದ್ಕೋ. ಬೀದೀಲೂ ಅದೇ ಗಲಾಟೆ ಇದ್ರೆ ಹೊರಗಿಂದ ಬಂದಿದ್ದು. ಬೀದಿ ತಣ್ಣಗಿದ್ದು, ಮನೇಲಷ್ಟೇ ಕೇಳಿಸಿದ್ರೆ?

ಅಕ್ಕ (ಕಣ್ಣು ಮುಚ್ಚಿಕೊಂಡೇ): ಇವನು ಮನೇಲಿದ್ದಾನೆ ಅಂತ ಅರ್ಥ.

ನರ್ಸ್ ನಗು ತಡೆದುಕೊಂಡರು.

ನರ್ಸ್: ಮಿದುಳು, ಬೆನ್ನುಹುರಿ ಮನೆ, ರಕ್ತ ಬೀದಿ. ರಕ್ತದಲ್ಲಿಲ್ಲದ ಗೆರೆ ಈ ನೀರಲ್ಲಿ ಕಂಡ್ರೆ ಜಗಳ ಮನೆಯೊಳಗಿಂದು.

ತಮ್ಮ: ಹಾಗಾದ್ರೆ ಗೆರೆ ಇದ್ರೆ ರೋಗ ಖಂಡಿತ, ಇಲ್ದಿದ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ?

ನರ್ಸ್: ನಿನ್ನಷ್ಟು ಬೇಗ ಡಾಕ್ಟರೂ ತೀರ್ಮಾನ ಮಾಡಲ್ಲಪ್ಪ! ಸ್ಕ್ಯಾನಿಂಗು, ಕಾಲಿನ ತೊಂದರೆ, ಎಲ್ಲಾ ಸೇರಿಸಿ ನೋಡ್ತಾರೆ.

ಅಕ್ಕ: ಇವನದು ಹಾಗೇನೇ ಸಿಸ್ಟರ್. ಗಿರಾಕಿ ಕುಂಟಿದ್ರೆ ಚಪ್ಪಲಿ ಬದಲಾಯಿಸ್ತಾನೆ.

ನರ್ಸ್ ರಕ್ತ ತೆಗೆದುಕೊಂಡು ಹೊರಟರು. ತಮ್ಮ ಮಂಚದ ಕೆಳಗಿನ ಚಪ್ಪಲಿಗಳನ್ನು ಬಗ್ಗಿ ಜೋಡಿಸಿಟ್ಟ. ಅವು ಜೋಡಿಯಾಗಿಯೇ ಇದ್ದವು, ಮತ್ತೊಮ್ಮೆ ಜೋಡಿಸಿದ.

ತಮ್ಮ: ಅಕ್ಕಾ... ಭಯ ಆಗ್ತಿದ್ಯಾ?

ಅಕ್ಕ: ಆಗದೆ ಏನೋ? ಆದ್ರೆ ನೀನು ಮೊದಲು ಹೋಗಿ ಒಂದು ಸೈಜ್ ದೊಡ್ಡ ಚಪ್ಪಲಿ ತಾ. ಎಡಗಾಲಿಗೆ ಏನೂ ಗೊತ್ತಾಗಲ್ಲ, ನಿಜ. ಬಲಗಾಲು ಮಾತ್ರ ಅವತ್ತಿಂದ ನಿನಗೆ ಶಾಪ ಹಾಕ್ತಾನೇ ಇದೆ!