ನೀಲಗಂಗವ್ವ ಸ್ಟೀಲ್ ಡಬ್ಬಿಯನ್ನು ಗೆದ್ದು ತಂದದ್ದು

ಕೇಳಿರಯ್ಯಾ, ಕಿವಿಯುಳ್ಳವರೆಲ್ಲ ಕೇಳಿರಿ! ಮಕ್ಕಳು ಅನ್ನವನ್ನು ರೈಸೆಂದೂ ನೀರನ್ನು ವಾಟರೆಂದೂ ಕರೆಯತೊಡಗಿ, ತಾಯಂದಿರು ತಮ್ಮ ಅಡುಗೆಮನೆಯಲ್ಲೇ ಪರದೇಶಿಗಳಾದ ಈ ಘೋರ ಕಲಿಯುಗದಲ್ಲಿ, ಬೆಟಗೇರಿಯೆಂಬ ಮಗ್ಗನಿನಾದಮುಖರಿತ ಪುರದಲ್ಲಿ, ಜೋಳಪಿಷ್ಟಧೂಸರಿತಹಸ್ತೆಯೂ ರೊಟ್ಟಿತಾಡನಪ್ರಚಂಡೆಯೂ ಆದ ನೀಲಗಂಗವ್ವನೆಂಬ ವೀರನಾರಿ ಇದ್ದಳು. ಆಕೆಯನ್ನು ಹಾಡಿ ಮುಗಿಸುವಷ್ಟು ದಮ್ಮು ನನಗಿಲ್ಲ. ಆದರೂ ಬಿಡುವವನು ನಾನಲ್ಲ.

ಯುದ್ಧಕಾರಣವನ್ನು ಹೇಳುವೆ. ಆಕೆಯ ಮಗಳು, ಆರನೆಯ ತರಗತಿಯ ವಿನುತಾ, ಊಟದ ಸ್ಟೀಲ್ ಡಬ್ಬಿಯನ್ನು ಶಾಲೆಯಲ್ಲಿ ಮರೆತು ಬಂದಳು. ಅದು ಆಫೀಸಿನ ಕಪಾಟೆಂಬ ಕಾರಾಗೃಹ ಸೇರಿತು. ಪಾಲಕರೇ ಬಂದು ಕೇಳಿದರಷ್ಟೇ ಬಿಡುಗಡೆ. ಅದೂ ಇಂಗ್ಲಿಷಿನಲ್ಲೇ ಕೇಳಬೇಕೆಂದು ಗೋಡೆಯ ಮೇಲೆ ಶಾಸನವಿತ್ತು.

"ನೀ ಬರಬ್ಯಾಡವ್ವಾ, ಕಸ್ತೂರಿ ಅತ್ತಿ ಬರ್ಲಿ. ನಿನಗ ಇಂಗ್ಲಿಷ್ ಬರಂಗಿಲ್ಲ. ನನ್ನ ಗೆಳತ್ಯಾರು ನಗತಾರ," ಎಂದಳು ಮಗಳು.

ಡಬ್ಬಿ ಹೋದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಹೆತ್ತ ಮಗಳೇ ನಾಚಿಕೊಂಡರೆ ತಾಯಿ ಎಲ್ಲಿಗೆ ಹೋಗಬೇಕು? ನೀಲಗಂಗವ್ವನಿಗೆ ಅಳು ಬಂತು. ಒಲೆಯ ಹೊಗೆಯ ನೆಪದಲ್ಲಿ ಅತ್ತಳು ಕೂಡ.

ಬಿ.ಎ. ಪದವೀಧರೆಯೂ ಚಹಾಪಾನನಿರತೆಯೂ ಆದ ನಾದಿನಿ ಕಸ್ತೂರಿ ಪಕ್ಕದಲ್ಲೇ ಕುಳಿತು ಗರ್ಜಿಸಿದಳು: "ಬಿಡ್ರಿ ವೈನಿ, ಎರಡ ಮಾತಿನ್ಯಾಗ ತರ್ತೀನಿ. ಇಂಗ್ಲಿಷ್ ಅಂದ್ರ ರೊಟ್ಟಿ ಬಡದಂಗಲ್ಲ."

ಅಬ್ಬಬ್ಬಾ, ಆಡಬಾರದಿತ್ತು ಆ ಮಾತು! ಹಿಟ್ಟಿನ ಕೈಯನ್ನೆತ್ತಿ ಆ ಮಾನಿನಿ ನುಡಿದಳು: "ಕೇಳ ಕಸ್ತೂರಿ! ಸುಡೂ ಹಂಚಿನ ಮ್ಯಾಲ ಕೈಯಾಡಸಾಕಿ ನಾನು. ಬರೂ ಸೋಮವಾರದೊಳಗ ಆ ಇಂಗ್ಲಿಷನ್ನ ಬಡದು ತೆಳ್ಳಗ ಮಾಡಲಿಲ್ಲಂದ್ರ ನನ್ನ ಹೆಸರು ನೀಲಗಂಗಾನ ಅಲ್ಲ!"

ಅನಂತರದ ತಪಸ್ಸನ್ನು ಏನೆಂದು ಬಣ್ಣಿಸಲಿ! ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ, ಅದು ಹೇಳಿದ ಇಂಗ್ಲಿಷ್ ಪಾಠವನ್ನು ತಿರುಗಿ ಹೇಳುತ್ತ ರೊಟ್ಟಿ ಬಡಿದಳು. ರೊಟ್ಟಿ ಹಂಚಿಗೆ ಬಿದ್ದರೆ ‘ಗುಡ್ ಮಾರ್ನಿಂಗ್’, ಮಗುಚಿದರೆ ‘ಎಕ್ಸ್‌ಕ್ಯೂಸ್ ಮೀ’, ಉಬ್ಬಿದರೆ ‘ಥ್ಯಾಂಕ್ ಯೂ’, ಹೊತ್ತಿದರೆ ‘ಸಾರಿ’. ಆಕೆ ದಿನವೂ ರೊಟ್ಟಿ ಮಾರುತ್ತಿದ್ದ ಖಾನಾವಳಿಗೆ ಆ ವಾರ ಹೋದವುಗಳಲ್ಲಿ ಬಹುಪಾಲು ಸಾರಿ ರೊಟ್ಟಿಗಳೇ.

ಸೋಮವಾರ ಇಳಕಲ್ ಸೀರೆಯ ಸೆರಗನ್ನು ಬಿಗಿದು, ಪಾಲಕರ ಸಾಲಿನಲ್ಲಿ ನಿಂತು, ಸರದಿ ಬಂದೊಡನೆ ಆ ಆಂಗ್ಲಾಸ್ತ್ರಧಾರಿಣಿ ಮೇಜಿನ ಮುಂದೆ ನಿಂತು ಪ್ರಯೋಗಿಸಿದಳು: "ಗುಡ್ ಮಾರ್ನಿಂಗ್ ಮೇಡಂ. ಎಕ್ಸ್‌ಕ್ಯೂಸ್ ಮೀ. ಮೈ ಡಾಟರ್ ಟಿಫಿನ್ ಬಾಕ್ಸ್, ಪ್ಲೀಸ್."

ಗೆಳತಿಯೊಡನೆ ಬಾಗಿಲಲ್ಲಿ ನಿಂತಿದ್ದ ವಿನುತಾಳ ಕಣ್ಣುಗಳು ಅಗಲವಾದವು. ಆಫೀಸಿನ ಮೇಡಂ ಕಪಾಟು ತೆರೆದರು. ಅಯ್ಯೋ ಶಿವನೇ, ಒಂದೇ ನಮೂನೆಯ ಡಬ್ಬಿಗಳ ಅಕ್ಷೌಹಿಣಿ!

"ವಾಟ್ ನೇಮ್ ಈಸ್ ಆನ್ ಇಟ್?"

ಪಾತ್ರೆಯ ಮೇಲೆ ಯಜಮಾನನ ಹೆಸರು ಕೊರೆಸುವುದು ಆ ಮನೆಯ ಪದ್ಧತಿ. ಹೆಂಡತಿಯಾದವಳು ಆ ಹೆಸರನ್ನು ಬಾಯಿಂದ ಆಡದಿರುವುದೂ ಆ ಮನೆಯದೇ ಪದ್ಧತಿ. ನೀಲಗಂಗವ್ವನ ಹಣೆ ಬೆವರಿತು.

"ಮೈ ಹಸ್ಬೆಂಡ್," ಎಂದಳು.

"ಹಸ್ಬೆಂಡ್ಸ್ ನೇಮ್?"

"ಯೆಸ್."

ಮೇಡಂ ಕಾದರು. ವಿನುತಾ ಬಾಯಿ ತೆರೆಯಹೋದರೆ ಬೆರಳೆತ್ತಿ ತಡೆದರು; ಪಾಲಕರೇ ಹೇಳಬೇಕು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿನುತಾ ತಲೆ ತಗ್ಗಿಸಿದಳು.

ಮಗಳ ಬಗ್ಗಿದ ತಲೆ ತಾಯಿಯ ಕಣ್ಣಿಗೆ ಬಿತ್ತು. ಮದುವೆ, ಸೀಮಂತಗಳಲ್ಲಿ ಹೆಂಗಸರು ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದಕ್ಕೆ ದೋಷವಿಲ್ಲ! ನೀಲಗಂಗವ್ವ ಸೊಂಟಕ್ಕೆ ಕೈಯಿಟ್ಟು ಕಂಠವೆತ್ತಿದಳು:

"ಮುಂಜಾನೆದ್ದು ಗುಡ್ ಮಾರ್ನಿಂಗು, ಮಲಗೂ ಮುಂದ ಗುಡ್ ನೈಟು,
ಫಕ್ಕೀರಪ್ಪನವರ ಮಗಳ ಡಬ್ಬಿ ಅನ್ನೂದು ನೂರಕ್ಕ ನೂರು ರೈಟು!"

ಸಾಲಿನ ಹೆಂಗಸರೆಲ್ಲ "ಹೋ!" ಎಂದು ಚಪ್ಪಾಳೆ ತಟ್ಟಿದರು. ಮೇಡಂ ಗೋಡೆಯ ಶಾಸನವನ್ನು ಮರೆತು, "ಅಕ್ಕಾರ, ಇನ್ನೊಮ್ಮೆ ಹೇಳ್ರಿ," ಎಂದರು. ವಿನುತಾ ಗೆಳತಿಯ ತೋಳು ಜಗ್ಗಿದಳು.

"ನಮ್ಮವ್ವ, ನೋಡ!"

ಹೀಗೆ ಶತ್ರುಕಪಾಟವಿದಾರಿಣಿಯೂ ಸ್ಟೀಲ್‌ಡಬ್ಬಿವಿಮೋಚನಿಯೂ ಆದ ನೀಲಗಂಗವ್ವ, ಕಸ್ತೂರಿಯ ಕಣ್ಣೆದುರೇ ಡಬ್ಬಿಯನ್ನು ಎತ್ತಿ ಹಿಡಿದು ಮನೆ ಹೊಕ್ಕು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುಚ್ಚಳ ತೆರೆದಳು. ಒಳಗೆ ಅರ್ಧ ತಿಂದು ಬಿಟ್ಟ ಬದನೆಕಾಯಿ ಪಲ್ಯ, ವಾರದ ಸೆರೆವಾಸದಿಂದ ಬೂಷ್ಟು ಹಿಡಿದು, ಘಮ್ಮನೆ ನಾರಿತು.

ವಿನುತಾ ತಾಯಿಯ ಸೆರಗು ಹಿಡಿದುಕೊಂಡಳು. "ಸಾರಿ, ಅವ್ವಾ."

"ಸಾರಿ ಆಮ್ಯಾಲ," ಎಂದಳು ನೀಲಗಂಗವ್ವ. "ಮೊದಲ ಡಬ್ಬಿ ತಿಕ್ಕು."