ಮೈದುನನ ದೋಣಿಯ ಅಡ್ಡಗೋಲು

ಆಗ ನನಗೆ ಅರವತ್ತೆರಡು; ಈಗ್ಗೆ ಏಳು ವರ್ಷದ ಮಾತು. ಹೊಂಗನೂರಿನಲ್ಲಿ ಯಾರ ತಲೆ ಗಟ್ಟಿ ಎಂದು ಕೇಳಿದರೆ ನನ್ನ ಮೈದುನನನ್ನೇ ತೋರಿಸಬೇಕು. ಇಲ್ಲದಿದ್ದರೆ ಅಷ್ಟೊಂದು ಪೆಟ್ಟು ತಿಂದು ಉಳಿಯುತ್ತಿತ್ತೇ?

ಹಣ್ಣಾದ ರೇಷ್ಮೆ ಹುಳುವನ್ನು ಮನೆಯವರೆಲ್ಲ ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಡುತ್ತಿದ್ದರೆ, ಇವನು ಕೆರೆಯ ದಡದಲ್ಲಿ ಹಾಯಿದೋಣಿ ಕಟ್ಟುತ್ತಿದ್ದ. ಫೋನಿನಲ್ಲಿ ನೋಡಿ ಕಲಿತದ್ದಂತೆ. ಟಾರ್ಪಾಲಿನ ಹಾಯಿ, ನಡುವೆ ನೀಲಗಿರಿ ಕಂಬ, ಹಾಯಿಯ ಕೆಳಗಿನ ಅಂಚಿಗೆ ಒಂದು ಅಡ್ಡಗೋಲು. ಹಾಯಿ ಇಳಿಸಿದರೆ ಆ ಕೋಲು ನೇರವಾಗಿ ಕೂತವರ ನೆತ್ತಿಗೆ. ಮೊದಲ ದಿನ ಇವನಿಗೆ ಬಿತ್ತು. ಎರಡನೆಯ ದಿನ, ಅವನ ಮಗಳ ಮಾವ ಬಂದಿದ್ದರು, ಅವರಿಗೆ. ಬೀಗರು ಅವತ್ತು ಊಟಕ್ಕೂ ನಿಲ್ಲಲಿಲ್ಲ.

"ಅಣ್ಣನ್ನ ಕೂರಿಸ್ಕೊಂಡು ಆಚೆ ದಡಕ್ಕೆ ಒಂದ್ಸಲ ಹೋಗ್ಬತ್ತೀನಿ ಅತ್ಗೆ," ಅಂದ.

ನನ್ನ ಯಜಮಾನರು ಅದೇ ಕೆರೆಯಲ್ಲಿ ದಿನಾ ಈಜುತ್ತಿದ್ದವರು. ಲಕ್ವ ಹೊಡೆದು, ಕತ್ತು ಮರಗಟ್ಟಿ, ಜಗಲಿಗೆ ಅಂಟಿಕೊಂಡಿದ್ದರು.

"ನೀನಾದ್ರೆ ಬಗ್ತೀಯ. ಅವ್ರು ಬಗ್ಗಕ್ಕಾಯ್ತದಾ? ಇರೋ ಒಬ್ಬ ಗಂಡನ್ನ ನಿನ್ ಕೋಲಿಗೆ ಕೊಡಕಿಲ್ಲ."

ಸರಿ, ಕೋಲು ಕೆಳಗೆ ಬೀಳದಂತೆ ಅದರ ತುದಿಯಿಂದ ಕಂಬದ ತಲೆಯ ಮೇಲೆ ಹಾಯಿಸಿ ಒಂದು ಹಗ್ಗ ತಂದು ಕಂಬದ ಬುಡಕ್ಕೆ ಕಟ್ಟಿದ. ಹಾಯಿ ಬಿಚ್ಚಿದಾಗ ಸಡಿಲ, ಇಳಿಸುವಾಗ ಬಿಗಿ. ಬುದ್ಧಿವಂತಿಕೆಯೇ. ಆದರೆ ಹಾಕಿದ ಗಂಟು? ಹಸು ಕಟ್ಟುವುದು, ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಹಟ್ಟಿಯಲ್ಲಿ ಬೆಳೆದ ಕೈ, ಗಂಟಿನ ತುದಿ ಸಿಕ್ಕಿದರೆ ತಾನಾಗಿ ಎಳೆಯುತ್ತದೆ. ಎಳೆದ. ಮತ್ತೆ ನೆತ್ತಿಗೇ ಬಿತ್ತು.

"ಗಂಟು ಬ್ಯಾಡ. ನಿಮ್ ಬಾವಿ ರಾಟೆ ಕೊಡಿ ಅತ್ಗೆ. ಹಗ್ಗ ಸಲೀಸಾಗಿ ಓಡ್ತದೆ, ಬೇಕಾದಷ್ಟು ಎಳ್ದು ಗೂಟಕ್ಕೆ ಸುತ್ಬೋದು."

"ಆಮೇಲೆ ಬಾವಿಗೆ ನಿನ್ ತಲೆ ನೇತಾಕ್ಲಾ? ಅದೂ ಗುಂಡ್ಗೇ ಐತೆ."

ಒಂದು ಸಂಜೆ ಹಸು ಹುಡುಕಿಕೊಂಡು ಕೆರೆ ಏರಿಯ ಕಡೆ ಹೋದೆ. ದೋಣಿಯಲ್ಲಿ ಒಬ್ಬನೇ ಕೂತಿದ್ದ. ಬೆನ್ನಿಗೂ ತಲೆಗೂ ಸೇರಿಸಿ ಬಿದಿರಿನ ದಬ್ಬೆಯಿಟ್ಟು, ಕತ್ತು ಆಡದಂತೆ ಟವಲು ಬಿಗಿದುಕೊಂಡಿದ್ದ. ಹಾಯಿ ಇಳಿಸಿದ. ಕೋಲು ಬಂದು ಬಡಿಯಿತು. ಹಣೆ ಒರೆಸಿಕೊಂಡು, ಹಗ್ಗವನ್ನು ಒಂದು ಗೇಣು ಎಳೆದು ಕಟ್ಟಿ, ಮತ್ತೆ ಇಳಿಸಿದ.

"ಏನಪ್ಪ ಇದು ವೇಷ?"

"ಅಣ್ಣ ಕೂತಂಗೆ ಕೂತಿವ್ನಿ ಅತ್ಗೆ. ಇನ್ನೂ ಒಸಿ ತಾಗ್ತದೆ."

ಏರಿಯ ಮೇಲೆ ಮೇಯುತ್ತಿದ್ದ ಹಸು ಹೊಡೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಬಾವಿಯ ರಾಟೆ ಬಿಚ್ಚಿ, ಹರಳೆಣ್ಣೆ ಬಿಟ್ಟು, ಅವನ ಬಾಗಿಲಲ್ಲಿಟ್ಟೆ. ಆಮೇಲೆ ರಾಟೆಯಿಲ್ಲದೆ ಬರಿಗೈಯಲ್ಲೇ ಹಗ್ಗ ಎಳೆದು ನೀರು ಸೇದಿ, ಯಜಮಾನರ ತಲೆಗೆ ಹುಯ್ದು, ಕೆರೆಗೆ ಹೊರಡಲು ಒಗೆದ ಅಂಗಿ ತೊಡಿಸಿದೆ.